ಒಂದೂಕಾಲು ಘನ ಅಡಿ

ಕಿರಿನ್ಯಾಗ ರಸ್ತೆಯ ಗ್ಯಾರೇಜುಗಳ ಹಿಂದೆ
ಗ್ರೀಸು ಕುಡಿದು ಕಪ್ಪಾದ ಓಣಿ,
ಅಲ್ಲಿ ನನ್ನ ಗರಗಸ.
ಕಿಲೊಂಜೊ ತನ್ನ ಮಟಾಟು ತಂದು ನಿಲ್ಲಿಸಿದ.
ಮೈತುಂಬ ನೇರಳೆ ಹುಲಿಗಳು,
ಹಿಂದಿನ ಗಾಜಿನ ಮೇಲೆ ದೇವರ ಮಾತೊಂದು
ಅರ್ಧ ಉಜ್ಜಿಹೋಗಿದೆ.

"ದೊಡ್ಡದು ಬೇಕು, ನ್ಯಾಗುಥಿ."
ಎರಡೂ ಕೈ ಅಗಲಿಸಿ ತೋರಿಸಿದ,
ತಪ್ಪಿಸಿಕೊಂಡ ಮೀನನ್ನು ತೋರಿಸುವ ಹಾಗೆ.

ಆ ಅಗಲ ನನ್ನ ಟೇಪಿನಲ್ಲಿ ನಾಲ್ಕು ಘನ ಅಡಿ.
ನಾಲ್ಕು ಘನ ಅಡಿ ಅಂದರೆ ಹಿಂದಿನ ಸಾಲಿನ ಒಂದು ಸೀಟು.
ಒಂದು ಸೀಟು ಅಂದರೆ
ದಿನಕ್ಕೆ ಹನ್ನೆರಡು ಟ್ರಿಪ್ಪು, ಟ್ರಿಪ್ಪಿಗೆ ನೂರು ಶಿಲಿಂಗು.
ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದೆ.
ಅವನು ಹುಲಿಗಳನ್ನು ಒರೆಸುತ್ತಿದ್ದ.

"ಓಬಾಡೊನ ಬಸ್ಸಿನಲ್ಲಿ ಹದಿನೈದಿಂಚಿನವು ಎರಡಿವೆ.
ಮೂರು ಸ್ಟಾಪು ಮೊದಲೇ ಗೊತ್ತಾಗುತ್ತೆ ಅವನು ಬಂದದ್ದು."
ಗೊತ್ತಾಗಿ ಜನ ಬೇರೆ ಬಸ್ಸು ಹತ್ತುತ್ತಾರೆ, ಅಂದೆ.
"ಕಾಲೇಜು ಹುಡುಗರು ಅದಕ್ಕೇ ಕಾಯುತ್ತಾರೆ," ಅಂದ.
ಅದೂ ನಿಜವೇ.

ಹನ್ನೆರಡಿಂಚಿನ ಸ್ಪೀಕರನ್ನು ಮಡಿಲಲ್ಲಿಟ್ಟು
ಹೆಬ್ಬೆರಳುಗಳಿಂದ ಕೋನನ್ನು ಒತ್ತಿ ನೋಡಿದೆ,
ಹಸುಗೂಸಿನ ನೆತ್ತಿ ಮುಟ್ಟುವಷ್ಟು ಮೆಲ್ಲಗೆ.
ಸಡಿಲ. ಬೆನ್ನಿಗೆ ಆಸರೆ ಬೇಡುವ ಜಾತಿ.

ನೋಡು ಕಿಲೊಂಜೊ,
ನೀನು ದುಡ್ಡು ಕೊಡುವುದು ಹಲಗೆಗೆ,
ದುಡಿಯುವುದು ಒಳಗಿನ ಗಾಳಿ.
ಜಾಗ ಹೆಚ್ಚಾಯಿತೋ, ಇದು ಬ್ರೇಕು ಕಿತ್ತ ಬಸ್ಸು;
ನಗಾರಿಯವನು ಕೋಲು ಕೆಳಗಿಟ್ಟ ಮೇಲೂ
ಗುಂಯ್ ಅನ್ನುತ್ತಲೇ ಇರುತ್ತದೆ.
ಕಡಿಮೆಯಾಯಿತೋ, ಎದೆ ಕಟ್ಟಿ ಕೆಮ್ಮುತ್ತದೆ.
ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಬೇರೆ ಕಡೆ.
ಇಲ್ಲಿ ಕಾಲು ಅಳೆದು ಹಾಸಿಗೆ ಕೊಯ್ಯಬೇಕು.

ಹಲಗೆಯ ದಪ್ಪ ಕಳೆ.
ಅಯಸ್ಕಾಂತವೂ ಜಾಗ ತಿನ್ನುತ್ತದೆ, ಕಳೆ.
ಒಳಗಿನ ಅಡ್ಡಪಟ್ಟಿ, ಅದನ್ನೂ.
ಬೇಕಾದದ್ದು ಒಂದೂಕಾಲು.

ಅಳತೆಗೆಂದು ಕೊನೆಯ ಸೀಟಿನ ಕೆಳಗೆ ತೂರಿದೆ.
ಈರುಳ್ಳಿ ಸಿಪ್ಪೆ, ಬಸ್ಸಿನ ಟಿಕೀಟು,
ಹತ್ತು ಶಿಲಿಂಗಿನ ಒಂದು ನಾಣ್ಯ (ಜೇಬಿಗಿಳಿಸಿದೆ).
ಇಲ್ಲಿ ಯಾರು ಕೂರುವುದು? ಕೇಳಿದೆ ಮಲಗಿದಲ್ಲಿಂದಲೇ.
ಅವನ ಚಪ್ಪಲಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದವು.
"ಮೊದಲ ಟ್ರಿಪ್ಪಿಗೆ ಒಬ್ಬಳು. ಈರುಳ್ಳಿ ಮೂಟೆಯವಳು.
ಹೆಸರು ಗೊತ್ತಿಲ್ಲ.
ಹತ್ತಿದವಳೇ ಗಾಜಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ.
ಸ್ಟಾಪು ಬಂದಾಗ ಹುಡುಗ ಎಬ್ಬಿಸುತ್ತಾನೆ."

ಸೀಟು ಉಳಿಯಿತು. ಅದರ ಕೆಳಗೇ ಪೆಟ್ಟಿಗೆ,
ಚಕ್ರದ ಗೂಡಿಗೆ ಹೊಂದುವಂತೆ ಒಂದು ಬದಿ ಓರೆ.
ಮೂಲೆಮೂಲೆಗೆ ಗೋಂದು ಸವರಿ
ಬೆಳಗಿಸಿದ ಊದುಬತ್ತಿ ಹಿಡಿದು ಸುತ್ತ ಸುಳಿದೆ,
ಹೊಗೆ ಎಲ್ಲಾದರೂ ಬಾಗುತ್ತದೆಯೇ ಎಂದು.
ಆದರೂ ಎರಡು ಬೆರಳಷ್ಟು ಜಾಗ ಸಾಲದು.

ಕಾಯೊಲೆಯಲ್ಲಿ ನನ್ನ ಕೋಣೆ ಹತ್ತಡಿಗೆ ಹತ್ತಡಿ,
ನಾವು ಐದು ಜನ.
ನಡುವೆ ಒಂದು ಪರದೆ ಕಟ್ಟಿದ ದಿನ
ಕೋಣೆ ದೊಡ್ಡದಾಯಿತು. ಹೇಗೆ ಅಂತ ಕೇಳಬೇಡ.
ಹಳೇ ದಿಂಬು ಹರಿದು ಅರಳೆ ತೆಗೆದೆ,
ಹಿಂಜಿ, ಪೆಟ್ಟಿಗೆಯೊಳಗೆ ಸಡಿಲವಾಗಿ ತುಂಬಿದೆ.
ಗಾಳಿ ಅದರೊಳಗೆ ತಡವುತ್ತ, ತಂಗುತ್ತ,
ಗೋಡೆ ಇನ್ನೂ ದೂರವಿದೆ ಎಂದು ನಂಬುತ್ತದೆ.
ನಂಬಿದರೆ ಸಾಕು.

ಸಂಜೆ ತಂತಿ ಜೋಡಿಸಿ ಹಾಡು ಹಾಕಿದ.
ನನ್ನ ಡಬ್ಬಿಯ ಮೊಳೆಗಳು ಎದ್ದು ಕೂತವು.
ಎದುರಿನ ಟಯರು ಅಂಗಡಿಯ ಮುದುಕ ಏನೂ ಅನ್ನಲಿಲ್ಲ,
ಅವನ ಬಲಗಾಲು ಮಾತ್ರ ಅಂದಿತು.

ಮರುದಿನ ಮಧ್ಯಾಹ್ನ ಕಿಲೊಂಜೊ ಮತ್ತೆ ಬಂದ, ಮುಖ ಗಂಟಿಕ್ಕಿ.
ಸೋರುತ್ತಿದೆಯಾ? ಕೋನು ಹರಿಯಿತಾ?
"ಈರುಳ್ಳಿಯವಳು ಏಳಲಿಲ್ಲ ಕಣೇ.
ಹುಡುಗ ಕೂಗಿದ, ಭುಜ ತಟ್ಟಿದ. ಕೆಳಗಿಂದ ಆ ಗುಡುಗುಡು,
ತೊಟ್ಟಿಲಲ್ಲಿ ಹಾಕಿದ ಹಾಗೆ ಮಲಗಿಬಿಟ್ಟಿದ್ದಳು.
ಸ್ಟಾಪು ದಾಟಿ ಎರಡು ಮೈಲಿ.
ತುಂಬಿದ ಬಸ್ಸು ತಿರುಗಿಸಿಕೊಂಡು ಹೋಗಿ ಇಳಿಸಿ ಬಂದೆ.
ಎಲ್ಲರೂ ಬೈದರು."

ಹಾಗಾದರೆ ಬಿಚ್ಚಲಾ? ಅಂದೆ.
ಗರಗಸದ ಹಲ್ಲಿನ ಮೇಲೆ ಬೆರಳಾಡಿಸುತ್ತ ನಿಂತ.
"ಬೇಡ," ಅಂದ.
ಇನ್ನೂರು ಶಿಲಿಂಗು ಬಾಕಿ ಇತ್ತು.
ನಾಳೆ, ಅಂದ.